ಮೊದಲನೆಯ ಕಂತು

ಮೂರು ಗೆರೆ ಇಂಗ್ಲಿಷು, ಕೊನೆಗೊಂದು ವಿಳಾಸ:
ಆಟ ಇಲ್ಲಿಗೆ ಮುಗಿಯಿತು, ಮುಂದಿನ ಕಂತು ಬೇಕಿದ್ದರೆ
ಹದಿನೈದು ಡಾಲರ್ ಕಳಿಸಿ.
ಬಾಗಿಲು ಕಾಣುತ್ತಿತ್ತು. ಸಿಟ್ಟು ಅದಕ್ಕೇ.
ನೀಲಿ ಬಾಗಿಲು, ಹಿತ್ತಾಳೆಯದೋ ಚಿನ್ನದ್ದೋ ಒಂದು ಹಿಡಿ,
ಹಸಿರು ಚಡ್ಡಿಯ ನಮ್ಮ ಕುಳ್ಳ
ಅದರ ಮುಂದೆ ಸೊಂಟಕ್ಕೆ ಕೈ ಕೊಟ್ಟು
ಬೀಗದ ಕೈ ಕಳಕೊಂಡ ಬಾಡಿಗೆಯವನ ಹಾಗೆ ನಿಂತಿದ್ದ.

ಫಳ್ನೀರಿನಲ್ಲಿ, ಮಹಡಿಯ ಮೇಲೆ,
ಹಿಲ್ಡಾ ಬಾಯಿಯ ಟೈಪಿಂಗ್ ಇನ್‌ಸ್ಟಿಟ್ಯೂಟು.
ಹನ್ನೊಂದು ಟೈಪ್‌ರೈಟರು, ಒಂದು ಕಂಪ್ಯೂಟರು.
ಹನ್ನೊಂದೂ ಸೇರಿ ಎ ಎಸ್ ಡಿ ಎಫ್ ಎಂದು ಸುರಿಯುವಾಗ
ಅದು ಒಳಕೋಣೆಯಲ್ಲಿ ಹೂವಿನ ಬಟ್ಟೆ ಹೊದ್ದು
ಬ್ಯಾಂಕಿನ ಮೆನೇಜರನ ಗತ್ತಿನಲ್ಲಿ ಕೂತಿರುತ್ತಿತ್ತು.
ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು.
ಶನಿವಾರ ಬಾಯಿ ಉಣ್ಣುವ ಮುಕ್ಕಾಲು ಗಂಟೆ ನಮ್ಮದು.

ನೌಶಾದನ ಮಾವ ದಮಾಮಿನಿಂದ ತಂದ ಪೆಟ್ಟಿಗೆಯಲ್ಲಿ
ಸೆಂಟು, ಹಾಲಿನಪುಡಿ, ಬುಡದಲ್ಲಿ
ರಬ್ಬರ್ ಬ್ಯಾಂಡ್ ಸುತ್ತಿದ ಆರು ಫ್ಲಾಪಿ.
ಒಂದರಲ್ಲಿ ಹಾರುವ ಕುಳ್ಳ. ಇನ್ನೊಂದರಲ್ಲಿ ಭೂಪಟ;
ಮೇಲುಗಡೆ ದಪ್ಪಕ್ಷರದಲ್ಲಿ ಡೆಮೋ ಎಂದಿತ್ತು.
ದೇಶದ ಹೆಸರೆಂದೇ ತಿಳಿದೆವು.

ಡೆಮೋ ದೇಶವನ್ನು ನಲವತ್ತು ವರ್ಷ ಆಳಬಹುದು.
ಗದ್ದೆ ಮಾಡಿ, ಕೋಟೆ ಕಟ್ಟಿ, ಹಡಗಿಗೆ ಮರ ಕಡಿಸಿ,
ನೆರೆಯ ರಾಜ ಉಪ್ಪಿನ ಕರಾರಿಗೆ ಸಹಿ ಹಾಕುವ ಹೊತ್ತಿಗೆ
ನಲವತ್ತು ತುಂಬುತ್ತಿತ್ತು.
ದಂಗೆಯಿಲ್ಲ, ಬೇನೆಯಿಲ್ಲ, ರಾಜ್ಯ ಸುಮ್ಮನೆ
ನಿಂತುಹೋಗುತ್ತಿತ್ತು.
ಉಳಿಸಿಡುವ ಗುಂಡಿ ಮಾಸಲು ಬಣ್ಣ, ಒತ್ತಿದರೆ ಕುಂಯ್ ಅನ್ನುತ್ತಿತ್ತು.
ಕೆಲವು ಶನಿವಾರ ಇಪ್ಪತ್ತಕ್ಕೇ ಕರೆಂಟು ಹೋಗಿ
ವಂಶವೇ ನಿರ್ನಾಮ.
ನೌಶಾದ್ ಲೆಕ್ಕ ಹಾಕಿದ: ನಲವತ್ತೇ ವರ್ಷವಾದರೆ
ಕೋಟೆ ಯಾಕೆ, ಶಾಲೆ ಯಾಕೆ? ಹಡಗು ಮಾತ್ರ ಕಟ್ಟುವ.
ಹಾಗೆ ಒಮ್ಮೆ ಮೂವತ್ತೊಂಬತ್ತರಲ್ಲಿ ಕಡಲಿಗಿಳಿದೆವು.
ಕಪ್ಪು ಚೌಕಗಳು ಒಂದೊಂದೇ ನೀಲಿಯಾದವು, ಏಳು.
ಎಂಟನೆಯದು ಇವತ್ತಿಗೂ ಕಪ್ಪು.

ಕುಳ್ಳನ ಬಾಗಿಲಿಗೆ ಮಾತ್ರ ದುಡ್ಡೇ ಬೇಕಿತ್ತು.
ವಿಳಾಸ ಬರಕೊಂಡು ಪಾಂಡೇಶ್ವರದ ದೊಡ್ಡ ಪೋಸ್ಟಾಫೀಸಿಗೆ ಹೋದೆವು,
ನನ್ನಲ್ಲಿ ಇಪ್ಪತ್ತೆರಡು ರೂಪಾಯಿ, ಅವನಲ್ಲಿ ಒಂದು ರಿಯಾಲು.
ಮನಿಯಾರ್ಡರಿನ ಕಿಂಡಿಯಲ್ಲಿ ದೂಮಪ್ಪ ಎಂಬವರು
ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು.
“ವಿಟ್ಲಕ್ಕೆ ಆದರೆ ಹೋಗ್ತದೆ. ಕಾಸರಗೋಡಿಗೂ ಹೋಗ್ತದೆ.
ಟೆಕ್ಸಾಸು ಈ ಕಿಂಡಿಯಲ್ಲಿ ಇಲ್ಲ.”
ಮತ್ತೆ ತಡೆದು: “ಎಂತಕ್ಕೆ ಮಕ್ಕಳೇ ಹಣ?”
“ಬಾಗಿಲು ತೆಗೀಲಿಕ್ಕೆ.”
ಅವರು ನಗಲಿಲ್ಲ. “ಆಚೆ ಎಂತ ಉಂಟು?”
ಗೊತ್ತಿಲ್ಲ ಎಂದೆವು.
“ನೋಡದೆ ಹಣ ಕಳಿಸಬಾರದು” ಎಂದು
ಚೀಟಿಯನ್ನು ನಾಲ್ಕಾಗಿ ಮಡಚಿ, ಪಾಸ್‌ಬುಕ್ಕೇ ಎಂಬಂತೆ
ಹಿಂದೆ ಕೊಟ್ಟರು.

ಆ ರಾತ್ರಿಯೇ ನೌಶಾದ್ ಗ್ರಾಫ್ ಪುಸ್ತಕದಲ್ಲಿ
ಎರಡನೆಯ ಕಂತು ಶುರುಮಾಡಿದ.
ಕುಳ್ಳ ಬಂದರಿನ ಧಕ್ಕೆಯಿಂದ ಹೊರಡುತ್ತಾನೆ,
ದೋಣಿಯಿಂದ ದೋಣಿಗೆ ಹಾರಿ ಐಸ್ ಪ್ಲಾಂಟಿನ ಜಾರು ನೆಲ,
ಒಣಮೀನಿನ ಚಾಪೆ ಮೆಟ್ಟಿದರೆ ಒಂದು ಜೀವ ಕಡಿಮೆ,
ಬೆಂಗ್ರೆಯ ದೋಣಿ ತಪ್ಪಿದರೆ ಮೊದಲಿನಿಂದ.
ಜೆಪ್ಪಿನ ಹೆಂಚಿನ ಕಾರ್ಖಾನೆಯ ಮಾಡಿನ ಮೇಲೆ ಓಡುವಾಗ
ಕೆಲವು ಹೆಂಚು ಒಡೆಯುತ್ತವೆ,
ಯಾವುವೆಂದು ಅವನಿಗೆ ಮಾತ್ರ ಗೊತ್ತು.
ನಾನು ಪೆನ್ಸಿಲಿನ ತುದಿಯಿಂದ ಆಡುತ್ತಿದ್ದೆ,
ಸದ್ದೆಲ್ಲ ಅವನ ಬಾಯಿಯದು,
ಬಿದ್ದರೆ ರಬ್ಬರಿನಿಂದ ಉಜ್ಜಿಬಿಡುತ್ತಿದ್ದ, ದಾಕ್ಷಿಣ್ಯವೇ ಇಲ್ಲ.

ಮೊನ್ನೆ ಫೋನಿನಲ್ಲಿ ಅಸಲಿ ಆಟ ಪೂರ್ತಿ ಸಿಕ್ಕಿತು, ಬಿಟ್ಟಿ.
ಬಾಗಿಲು ತೆರೆಯಿತು.
ಆಚೆ ಅದೇ ಇಟ್ಟಿಗೆ, ಬಣ್ಣ ಮಾತ್ರ ನೇರಳೆ.
ಅಷ್ಟರಲ್ಲಿ ನನ್ನ ಸ್ಟಾಪು ಬಂತು, ಇಳಿದೆ.

ಗ್ರಾಫ್ ಪುಸ್ತಕ ಇನ್ನೂ ನನ್ನಲ್ಲೇ ಉಂಟು.
ಕೊನೆಯ ಪುಟದಲ್ಲಿ ಅಳಿವೆ,
ಕಲ್ಲಿನ ದಂಡೆಯ ತುದಿಯಲ್ಲಿ ಕುಳ್ಳ,
ಮುಂದಿನ ಚೌಕಗಳೆಲ್ಲ ಖಾಲಿ.
ಬಾಗಿಲೆಲ್ಲಿ ಮಾರಾಯ, ಎಂದು ಆಗ ಕೇಳಿದ್ದೆ.
ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ
ಅವನು ಕೈ ಚಾಚಿದ್ದ:
ಹದಿನೈದು ಡಾಲರ್.