ಲಾಳದ ವಾಚು

ಬಿಳಿ ಕೈಗವಸು ತೊಟ್ಟೇ ಬಂದಿದ್ದ ಹುಡುಗ.
ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯಲ್ಲಿ, ನನ್ನ ಗೂಡಂಗಡಿಯ ಮುಂದೆ
ಸ್ಕೂಟರುಗಳ ನಡುವೆ ಕಾರು ತುರುಕಿ,
ಎಳೆಗೂಸನ್ನು ಮಲಗಿಸುವಂತೆ
ಬಟ್ಟೆ ಬಿಡಿಸಿ ಇಟ್ಟ.

"ಎಣ್ಣೆ ಬಿಡಿ, ಸಾಕು. ಡಯಲ್ ಮುಟ್ಟಬೇಡಿ.
ಗೀರು ಉಜ್ಜಬೇಡಿ. ಮುಳ್ಳು ಬದಲಿಸಬೇಡಿ.
ಹಳೆಯದಾಗಿರುವುದಕ್ಕೇ ಇದರ ಬೆಲೆ."

ಬೆಲೆ ಹೇಳಿದ.
ಉಪ್ಪಳ್ಳಿಯಲ್ಲಿ ಒಂದು ಸೈಟು ಬರುತ್ತದೆ.

ಕೆನೆಬಣ್ಣದ ಡಯಲಂತೆ, ಒಂದು ಕಾಲಕ್ಕೆ.
ಈಗ ಹದವಾಗಿ ಹುರಿದ ಪೀಬೆರಿ.
ಹನ್ನೆರಡರ ಕೆಳಗೆ ಕುದುರೆಲಾಳದಂಥ ಗುರುತು.

ಹುಡುಗನಿಗೆ ಕತೆಯೂ ಗೊತ್ತಿತ್ತು:
ಆಭರಣ ಪಾಪವೆಂದು ಪಾದ್ರಿಗಳು ಕಟ್ಟಳೆ ಹಾಕಿದಾಗ
ಜಿನೀವಾದ ಅಕ್ಕಸಾಲಿಗರು ಕೈಕಟ್ಟಿ ಕೂರಲಿಲ್ಲ,
ಹೊತ್ತು ಹೇಳುವ ನೆಪದಲ್ಲಿ
ಚಿನ್ನವನ್ನು ಹಿತ್ತಿಲಿನಿಂದ ಒಳಗೆ ಕರೆದರು.
ಬೆಟ್ಟದ ಮೇಲೆ ದನ ಸಾಕುವವರು
ಹಿಮ ಮುಚ್ಚಿದ ತಿಂಗಳುಗಳಲ್ಲಿ
ಕಿಟಕಿಯ ಬೆಳಕಿಗೆ ಕೂತು ಹಲ್ಲುಚಕ್ರ ಅರೆದರು.

ತಲೆಯಾಡಿಸಿದೆ. ಅಪ್ಪನೂ ಹೇಳುತ್ತಿದ್ದ ಇದನ್ನ.
ಅಪ್ಪನ ಕತೆಯಲ್ಲಿ
ದನಗಳಿಗೆ ಹೆಸರೂ ಇದ್ದವು.

ಅವನು ಹೋದ ಮೇಲೆ ಮುಚ್ಚಳ ತೆರೆದೆ.
ಒಳಗೆ ತಾಮ್ರಗೆಂಪು, ಹದಿನೇಳು ಹರಳು.
ಈಗಿನವು ಸೆಲ್ಲು ತಿಂದು
ಲೆಫ್ಟ್ ರೈಟ್ ಹೆಜ್ಜೆ ಹಾಕುತ್ತವೆ.
ಇದು ನಡೆಯುವುದಿಲ್ಲ, ಜಾರುತ್ತದೆ,
ಬಾಳೆಲೆಯ ಮೇಲೆ ನೀರು ಜಾರಿದ ಹಾಗೆ.

ಮುಚ್ಚಳದ ಒಳಮೈಗೆ ಸೂಜಿಮೊನೆಯ ಗೀಚುಗಳು,
ರಿಪೇರಿಯವರು ಬಿಟ್ಟುಹೋಗುವ ರುಜು.
ಬೊಂಬಾಯಿಯವನದೊಂದು. ಮೈಸೂರಿನವನದೊಂದು.
ಅವೆರಡರ ಕೆಳಗೆ
'ಇ', ೭೧.

ಇನ್ನಾಸಪ್ಪ.
ನನ್ನಪ್ಪ.

ಹಾಗಾದರೆ ಇದು ಮುದ್ದಯ್ಯನವರ ವಾಚು!
ಕಾಫಿ ಕ್ಯೂರಿಂಗಿನ ಸೂಪರ್‌ವೈಸರ್ ಮುದ್ದಯ್ಯ.
ಬೆಳಗಿನ ರೇಡಿಯೋ ವಾರ್ತೆಗೆ ಮುಳ್ಳು ಕೂಡಿಸಿ
ಸಂಜೆ ಈ ಮಣಿಕಟ್ಟು ನೋಡಿಯೇ ಗಂಟೆ ಹೊಡೆಸುತ್ತಿದ್ದರು.
ಕಪ್ಪುಬೀಜ, ಒಡಕುಬೀಜ ಹೆಕ್ಕುವ ನೂರಿಪ್ಪತ್ತು ಹೆಂಗಸರು
ಆಮೇಲಷ್ಟೇ ಸೆರಗು ಕೊಡವಿ ಏಳಬೇಕು.
ಎಡಗಡೆಯ ಮೂರನೇ ಸಾಲಿನಲ್ಲಿ ಅಮ್ಮ.

ಬ್ಯಾಲೆನ್ಸ್ ಚಕ್ರದ ಪಕ್ಕ ಕೂದಲಿನಂಥ ಒಂದು ಕಡ್ಡಿ.
ಒಂದು ತುದಿಗೆ ಎ, ಇನ್ನೊಂದಕ್ಕೆ ಆರ್.
ಫ್ರೆಂಚಿನಲ್ಲಿ ಅದಕ್ಕೇನೋ ಅರ್ಥವಿದೆ.
ಅಪ್ಪ ಕಲಿಸಿದ್ದು ಬೇರೆ:
ಎ ಅಂದ್ರೆ ಎದ್ದೇಳು,
ಆರ್ ಅಂದ್ರೆ ಆರಾಮು.

ಕಡ್ಡಿ, ಆರಾಮಿನ ಕಟ್ಟಕಡೆಗೆ ಒತ್ತಿಕೊಂಡು ಕೂತಿತ್ತು.

ತೊಳೆದು, ಎಣ್ಣೆ ಬಿಟ್ಟು, ಕಡ್ಡಿ ಕದಲಿಸದೆ
ಒಂದು ದಿನ ಓಡಿಸಿ ನೋಡಿದೆ.
ಬೆಳಗಿನ ವಾರ್ತೆಯಿಂದ ಚರ್ಚಿನ ಸಂಜೆಗಂಟೆಯ ಹೊತ್ತಿಗೆ
ಸರಿಯಾಗಿ ನಾಲ್ಕು ನಿಮಿಷ ಹಿಂದೆ.

ದಿನಕ್ಕೆ ನಾಲ್ಕು. ವರ್ಷಕ್ಕೆ ಮುನ್ನೂರು ದಿನ.
ಅಮ್ಮ ಹತ್ತೊಂಬತ್ತು ವರ್ಷ.
ಬಿಲ್ ಬುಕ್ಕಿನ ಹಿಂದೆ ಗುಣಿಸಿದೆ:
ಹೆಚ್ಚುಕಡಿಮೆ ನಲವತ್ತು ದಿನದ ದುಡಿಮೆ,
ಒಂದು ಇಡೀ ತಪಸ್ಸುಕಾಲ.

ಅಪ್ಪ ಮಾಡಿದ್ದೆ?
ಅಂಗಡಿಯ ಗೋಡೆ ಆಗ ಕ್ಯೂರಿಂಗಿನವರದೇ.
ಇಲ್ಲಾ ಮೈಸೂರಿನವನು ಒತ್ತಿದ್ದನ್ನು ಕಂಡೂ
ಸುಮ್ಮನೆ ಮುಚ್ಚಳ ಬಿಗಿದನೆ?
ದಿನಾ ಸಂಜೆ ಗೇಟಿನಲ್ಲಿ ನಿಂತಿರುತ್ತಿದ್ದ, ನನ್ನ ಕೈ ಹಿಡಿದು.
ಚರ್ಚಿನ ಗಂಟೆ ನಿಂತ ಮೇಲೂ
ತನ್ನ ಮಣಿಕಟ್ಟು ನೋಡುವನು,
ನೆಲ ನೋಡುವನು.
ಅಮ್ಮ ಓಡೋಡಿ ಬಂದು ನಗುವಳು:
"ನೋಡ್ರಿ, ನಮ್ಮ ದೇವರಿಗೆ ಯಾವಾಗಲೂ ಅವಸರ.
ಕ್ಯೂರಿಂಗಿಗಿಂತ ಮೊದಲೇ ಹೊಡೆದುಬಿಡ್ತಾನೆ."

ಕಡ್ಡಿಯನ್ನು ನಡುವಿಗೆ ತಂದೆ.
ಹುಡುಗ ಅದನ್ನು ಮುಟ್ಟಬೇಡಿ ಎಂದಿರಲಿಲ್ಲ.
ಅಪ್ಪನ 'ಇ' ಪಕ್ಕ ನನ್ನದೊಂದು ಚುಕ್ಕಿ ಕೊರೆದೆ,
ಬೆಲೆ ಇಳಿದರೆ ಇಳಿಯಲಿ.

ಅಮ್ಮನಿಗೆ ಹೇಳಲಿಲ್ಲ.
ಎಂಬತ್ತರ ಮೇಲೂ ಅಕ್ಕಿ ಆರಿಸುವಾಗ
ಬೆರಳು ಎಡಕ್ಕೆ, ಬಲಕ್ಕೆ ತಾನಾಗಿ ಹಾರುತ್ತವೆ.
ದೇವರು ಅಷ್ಟೂ ವರ್ಷ ಸರಿಯಾಗೇ ಹೊಡೆಯುತ್ತಿದ್ದ ಅಂದರೆ
ಆಡಿಕೊಂಡಿದ್ದಕ್ಕೆ ನಾಳೆಯೇ
ಪಾಪನಿವೇದನೆಗೆ ಹೊರಟುಬಿಡುತ್ತಾಳೆ,
ಮಂಡಿನೋವು ಬೇರೆ.