ಸಹಿ ಬೀಳದ ಗಂಟೆಗಳು

ಸಾವಿರ ಗಂಟೆ ಕೇಳುತ್ತದೆ ಹೆಲೆನಾದ ಬೋರ್ಡು.
ಬರೀ ಗಂಟೆಯಲ್ಲ,
ಪ್ರತಿ ಸಾಲಿನ ಬಲತುದಿಗೆ ಲೈಸೆನ್ಸು ಇದ್ದವನ ಸಹಿ.
ನನ್ನವು ಒಂಬೈನೂರ ಎಂಬತ್ತೇಳು ಆಗಿದ್ದವು.
ಆ ಗುರುವಾರ ಎಮೆಟ್ ಟ್ರೆವಿಥಿಕ್
ಕಾರಿನ ಬಾಗಿಲು ತೆರೆದವನು ಹತ್ತಲೇ ಇಲ್ಲ.

ಎರಡು ವರ್ಷ ಅವನ ಟೇಪಿನ ಇನ್ನೊಂದು ತುದಿ ನಾನು.
ಆಸ್ಪತ್ರೆ ಲಾಂಡ್ರಿಯ ರಾತ್ರಿಪಾಳಿ ಮುಗಿಸಿ
ನಲವತ್ತಾರನೆಯ ವಯಸ್ಸಿಗೆ ಪಾಠಕ್ಕೆ ಕೂತವಳು.
ತಾಮ್ರ ಅಗೆದು ಟೊಳ್ಳಾದ ಬ್ಯೂಟ್ ಗುಡ್ಡದ ಮೇಲೆ
ಒಂದಕ್ಕೊಂದು ಒರಗಿ ನಿಂತ ಮರದ ಮನೆಗಳು.
"ಮಿಲ್ಕಾ, ಗೋಡೆಯನ್ನು ಹೊರಗಿನಿಂದ ಅಳೆ,
ಮನೆಯವರನ್ನು ಯಾವ ಕಡೆಯಿಂದಲೂ ಅಳೆಯಬೇಡ."
ನೆಲಮಾಳಿಗೆ ಎಷ್ಟೇ ಚೆಂದವಿರಲಿ
ನೆಲದ ಮೇಲಿನ ಲೆಕ್ಕಕ್ಕೆ ಸೇರದು.
ಬ್ಯಾಂಕಿನವನು ಫೋನಿನಲ್ಲಿ ಮೆಲ್ಲಗೆ ಒಂದು ಅಂಕಿ ಉಸುರಿದರೆ
ಎಮೆಟ್‌ಗೆ ಆಗ ಮಾತ್ರ ಕಿವಿ ಕೇಳಿಸುತ್ತಿರಲಿಲ್ಲ.

ಮನೆ ಕಟ್ಟಿ ನೋಡು ಅನ್ನುವವರು ಅನ್ನಲಿ,
ಅಳೆದು ನೋಡಿದವರನ್ನೂ ಒಮ್ಮೆ ಕೇಳಲಿ.

ಸಹಿ ಹಾಕುವುದು ಶುಕ್ರವಾರ.
ಅವನಿಗೆ ಕೆಮ್ಮು, ಎರಡು ಶುಕ್ರವಾರ ತಪ್ಪಿತ್ತು.
ಹೀಗೆ ಉಳಿದವು ನಲವತ್ತೊಂದು ಗಂಟೆ,
ಬಲತುದಿ ಬೆಳ್ಳಗೆ.
ಬೋರ್ಡಿನ ಹುಡುಗಿ ಮೊದಲು ಸಂತಾಪ ಹೇಳಿದಳು,
ಆಮೇಲೆ, ಸಹಿಯಿಲ್ಲದ ಗಂಟೆ ಗಂಟೆಯಲ್ಲ ಅಂದಳು.
ಎರಡೂ ಒಂದೇ ದನಿಯಲ್ಲಿ.

ಆರ್ಲೀನ್ ಅಡುಗೆಮನೆಯಲ್ಲಿ ಕೈ ಚಾಚಿದಳು: "ಕೊಡಿಲ್ಲಿ.
ಮೂವತ್ತು ವರ್ಷ ಅವನ ಚೆಕ್ಕಿಗೆ, ತೆರಿಗೆಗೆ,
ಅವನ ತಂಗಿಗೆ ಬರೆದ ಕ್ಷಮೆಪತ್ರಕ್ಕೆ
ಸಹಿ ಹಾಕಿದವಳು ನಾನೇ.
ಅವನಿಗಿಂತ ಚೆನ್ನಾಗಿ ಹಾಕುತ್ತೇನೆ."
ಪೆನ್ನಿನ ಮುಚ್ಚಳ ತೆಗೆದೂ ಆಗಿತ್ತು.
ಅಳೆದೂ ಸುರಿದೂ
ಪುಸ್ತಕವನ್ನು ನನ್ನ ಕಡೆಗೇ ಎಳೆದುಕೊಂಡೆ.
ನಾಚಿಕೆಯಾಯಿತು, ಯಾರ ಪರವಾಗಿ ಅಂತ ಗೊತ್ತಾಗಲಿಲ್ಲ.

ತುಂಬ ಹೊತ್ತಿನ ಮೇಲೆ ಕೇಳಿದಳು:
"ಇರಲಿ, ಈ ಮನೆಗೆ ಎಷ್ಟು ಬರಬಹುದು?"
ನನ್ನ ಕಣ್ಣು ಆಗಲೇ ಸುತ್ತಿ ಬಂದಿತ್ತು:
ಚಾವಣಿಯ ಕಂದು ಕಲೆ, ಫರ್ನೇಸಿನ ವಯಸ್ಸು,
ಬಣ್ಣ ಬಳಿದು ಬಳಿದು ತೆರೆಯದಂತಾದ ಕಿಟಕಿ.
ನಾಲಿಗೆಯ ಮೇಲೆ ಅಂಕಿ ಬಂದು ಕೂತಿತ್ತು, ಸಾವಿರದ ಲೆಕ್ಕದಲ್ಲಿ.
"ನಾನು ಹೇಳುವಂತಿಲ್ಲ, ಆರ್ಲೀನ್,
ಇನ್ನೂ ಐವತ್ತನಾಲ್ಕು ಗಂಟೆ ಬಾಕಿ."
ಅವಳು ನಕ್ಕಳೋ ಕೆಮ್ಮಿದಳೋ.

ಡಿಲ್ಲನ್‌ನಲ್ಲಿ ಒಬ್ಬಳಿದ್ದಾಳಂತೆ, ಸಹಿ ಹಾಕಬಲ್ಲವಳು,
ಅರವತ್ತೈದು ಮೈಲಿ, ಹಿಮ ಬೀಳದಿದ್ದರೆ.
ಹೊರಡುವಾಗ ಆರ್ಲೀನ್ ಮೊಳೆಯಿಂದ ಟೇಪು ಇಳಿಸಿಕೊಟ್ಟಳು.
ಒಂದು, ಎರಡು ಸವೆದು ಅಳಿಸಿಹೋಗಿವೆ,
ನನ್ನ ಹೆಬ್ಬೆರಳು ಹಿಡಿಯುತ್ತಿದ್ದ ತುದಿ.
ಅಳತೆ ಈಗ ಮೂರರಿಂದ ಶುರು.