ಗಿಡ್ಡ ಹಗ್ಗ

ಮೂಡುಬೆಳ್ಳೆಯ ಸೆವ್ರಿನ್ ಬಾಯಿ ಬೀಗ ತೆಗೆಯುತ್ತಾ
ಮೊದಲೇ ಹೇಳಿದ್ದರು: ತಲೆ ತಗ್ಗಿಸಿ,
ಇದು ದನಗಳ ಅಳತೆಗೆ ಕಟ್ಟಿದ ಬಾಗಿಲು.
ಆದರೂ ನರಹರಿ ಹಣೆ ಬಡಿಸಿಕೊಂಡ.
ನಾನು ನಗಲಿಲ್ಲ.
ಉಡುಪಿಯಿಂದ ಇಲ್ಲಿವರೆಗೆ ಕಾರಿನಲ್ಲಿ ಮಾತಾಡಿದ್ದು
ದಾರಿ ತೋರಿಸುವ ಮೊಬೈಲು ಮಾತ್ರ.

ಗಂಜಲ ಹರಿಯುತ್ತಿದ್ದ ತೋಡಿಗೆ ಗಾಜು ಮುಚ್ಚಿ
ಒಳಗೊಂದು ಸಣ್ಣ ದೀಪ ಇಟ್ಟಿದ್ದಾರೆ.
ಬೈಹುಲ್ಲಿನ ಅಟ್ಟದಲ್ಲಿ ಡಬಲ್ ಬೆಡ್,
ಅದರ ಮೇಲೆ ಟವೆಲು ಮಡಚಿ ಮಾಡಿದ ಎರಡು ಹಂಸ.
ಒಂದನ್ನು ಬಿಚ್ಚಿ ನರಹರಿ ಮುಖ ಒರೆಸಿದ.
ಗೋಡೆಯ ಕಬ್ಬಿಣದ ಬಳೆಗೆ ನಾನು ಬ್ಯಾಗು ತೂಗಹಾಕಿದೆ.
‘ಅದು ಮೋತಿಯದ್ದು,’ ಅಂದರು ಬಾಯಿ,
‘ಹಾಯುತ್ತಿದ್ದಳು. ಹಾಗಾಗಿ ಅವಳಿಗೆ ಗಿಡ್ಡ ಹಗ್ಗ.’

ಕೈ ತೊಳೆಯುವುದು ಹಳೆಯ ಕಲ್ಲಿನ ಮರಿಗೆಯಲ್ಲಿ.
ಒಂದು ಅಂಚು ಮಾತ್ರ ಬೆಣ್ಣೆಯ ಹಾಗೆ ನುಣುಪು.
ಮೆಷಿನ್ ಹಿಡಿಸಿದಿರಾ, ಕೇಳಿದೆ.
‘ನಾಲಿಗೆ,’ ಅಂದರು.
‘ಅಕ್ಕಚ್ಚು ಮುಗಿದ ಮೇಲೂ ನೆಕ್ಕುತ್ತಿದ್ದವು.
ಮೂವತ್ತು ವರ್ಷ.’

ಎರಡನೇ ರಾತ್ರಿ ಕರೆಂಟು ಹೋಯಿತು.
ಮಗ್ಗುಲು ತಡವಿದರೆ ಇವನಿಲ್ಲ.
ಏಣಿ ಇಳಿದು ನೋಡಿದೆ:
ಕತ್ತಲಲ್ಲಿ ಮರಿಗೆಯ ಮುಂದೆ ನಿಂತು
ಆ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ.
‘ಇಷ್ಟು ಮೆತ್ತಗಿನದ್ದು, ಅಲ್ವಾ...’ ಅಂದ,
ಮುಂದೆ ಅನ್ನಲಿಲ್ಲ.
ಅವನ ಹಣೆಯ ಗುಬುಟು ಮುಟ್ಟಿದೆ.
ನೋವಾ?
ಸ್ವಲ್ಪ.
ಯಾವ ನೋವು ಅಂತ ಇಬ್ಬರೂ ಬಿಡಿಸಿ ಹೇಳಲಿಲ್ಲ.

ಬೆಳಿಗ್ಗೆ ಚಹಾದ ಕೆಟ್ಲು ಹಿಡಿದು ಅಂಗಳ ದಾಟುತ್ತಾ
ಬಾಯಿ, ಎಷ್ಟೋ ವರ್ಷದ ಅಭ್ಯಾಸ ನೋಡಿ,
‘ಮೋತೀ, ಏಳು ಮಗಾ’ ಎಂದು ಕರೆದುಬಿಟ್ಟರು.
ಅಟ್ಟದ ಮೇಲೆ
ಇಬ್ಬರೂ ಒಟ್ಟಿಗೇ ಎದ್ದು ಕೂತೆವು.